ಮೆಟ್ಟಿಲಿಳಿದು ಬಂದ ನೀರು

ಮೊನ್ನೆ ಪುಣೆಯಲ್ಲಿ ಹೋಟೆಲಿನ ಕೋಣೆಗೆ ಕಾಲಿಟ್ಟೆ. ಆಗಷ್ಟೇ ಒರೆಸಿದ ನೆಲದ ಫಿನಾಯಿಲ್ ವಾಸನೆ ಮೂಗಿಗೆ ಬಡಿದು, ಒಬ್ಬನೇ ನಿಂತು ನಕ್ಕುಬಿಟ್ಟೆ. ಯಾಕೆಂದು ನಿಮಗೂ ಹೇಳಬೇಕು.

ಎಪ್ಪತ್ತರ ದಶಕದ ಕೊನೆ. ನಾನು ಕಾಲೇಜು ಕಟ್ಟೆ ಹತ್ತಿ, ನಮ್ಮೂರು ಸರಸಂಬಾದಲ್ಲಿ ನನ್ನಷ್ಟು ಶಾಣ್ಯಾ, ನನ್ನಷ್ಟು ಜಾಣ ಯಾರೂ ಇಲ್ಲ ಎಂದುಕೊಂಡಿದ್ದವನು. ಸೋದರತ್ತೆಯನ್ನು ಕಣ್ಣು ತೋರಿಸಲು ಹೈದರಾಬಾದಿಗೆ ಕರೆದೊಯ್ದಿದ್ದೆ. ಸ್ನಾನ ಮಾಡಿ, ಕೊರಳ ಲಿಂಗವನ್ನು ಅಂಗೈಯಲ್ಲಿಟ್ಟು ಪೂಜಿಸದೆ ಅತ್ತೆ ಹನಿ ನೀರು ಕುಡಿಯುವವಳಲ್ಲ. ಮಧ್ಯಾಹ್ನಕ್ಕೆ ಮುಟ್ಟಿದರಾಯಿತು, ಅಲ್ಲೇ ಪೂಜೆ ಎಂದು ನಸುಕಿನಲ್ಲೇ ಹೊರಟೆವು. ಬಸ್ಸು ನಡುವೆ ಕೆಟ್ಟು ನಿಂತು, ಶಹರ ಮುಟ್ಟಿದಾಗ ಸಂಜೆ ಐದು. ಬೇಸಿಗೆ ಬೇರೆ. ಅವಳ ತುಟಿಗಳು ಒಣಗಿ ಬಿರಿದಿದ್ದವು, ನನ್ನ ಹೆಗಲು ಹಿಡಿದೇ ನಡೆಯುತ್ತಿದ್ದಳು. ಲಿಂಗಕ್ಕೆ ಸೂತಕವಿಲ್ಲ, ಬಸ್ಸಿನಲ್ಲೇ ಪೂಜೆ ಮಾಡು ಎಂದು ಗೋಗರೆದಿದ್ದೆ. ಲಿಂಗಕ್ಕೆ ಇಲ್ಲ ಅಂದಿದ್ದಾರೆ, ನೆಲಕ್ಕೆ ಇಲ್ಲ ಅಂದಿಲ್ಲ ಎಂಬುದು ಅವಳ ವಾದ. ಇವಳು ದಾರಿಯಲ್ಲಿ ಬಿದ್ದರೆ ಮಾವನಿಗೆ ಯಾವ ಮುಖ ತೋರಿಸಲಿ ಎಂಬುದೇ ನನ್ನ ಚಿಂತೆ.

ಎರಡು ಲಾಡ್ಜುಗಳಲ್ಲಿ ಜಾಗವಿರಲಿಲ್ಲ. ಮೂರನೆಯದರ ಮ್ಯಾನೇಜರು ನಮ್ಮ ಕಡೆಯವರೇ, ಜೇವರ್ಗಿಯ ಸಾಹೇಬರು. "ಬರ್ರಿ, ಕೂಡ್ರಿ" ಎಂಬ ಕನ್ನಡ ಕೇಳಿಯೇ ಅರ್ಧ ದಣಿವು ಇಳಿಯಿತು. ಅತ್ತೆಯನ್ನು ಮೇಲಿನ ಕೋಣೆಗೆ ಬಿಟ್ಟು, ಕೆಳಗೆ ಹೆಸರು ಬರೆಸಿ, ಅವರು ಕೊಟ್ಟ ಚಹಾ ಕುಡಿಯುತ್ತ ಅರ್ಧ ಗಂಟೆ ಹರಟಿದೆ. ನನ್ನ ಕೊರಳಲ್ಲೂ ಲಿಂಗವಿತ್ತು, ಪೂಜೆ ಮಾತ್ರ ಮಾಡಿರಲಿಲ್ಲ. ಅದು ಬೇರೆ ಮಾತು. ಅಷ್ಟರಲ್ಲಿ ಮೇಲಿಂದ ನೀರು ಒಂದೊಂದೇ ಮೆಟ್ಟಿಲು ಇಳಿದು ಬರತೊಡಗಿತು.

ಪೂಜೆಗೆ ಕೂಡಲು ಅತ್ತೆ ನೆಲ ತೊಳೆದಿದ್ದಾಳೆಂದು ನನಗೆ ತಕ್ಷಣ ತಿಳಿಯಿತು. ನಮ್ಮ ಮನೆಯಲ್ಲಿ ಕೊಡ ನೀರು ಸುರಿದರೂ ತಾನೇ ಬಚ್ಚಲಿಗೆ ಹರಿಯುತ್ತದೆ. ಹೊಸ್ತಿಲೇ ಇಲ್ಲದ ಕೋಣೆಯೂ ಇರುತ್ತದೆಂದು ಅತ್ತೆಗೇನು ಗೊತ್ತು? ಆದರೂ ಬಾಯಿಂದ ಬಂದದ್ದು, ನಳ ಒಡೆದಿರಬೇಕು ಎಂಬ ಮಾತು. ಸಾಹೇಬರು ನಳ ಬಿಗಿಯುವ ಪಾನಾ ಹಿಡಿದು ಮೇಲಕ್ಕೋಡಿದರು, ಹಿಂದೆಯೇ ನಾನು.

ಬಾಗಿಲು ಅರ್ಧ ತೆರೆದಿತ್ತು. ತೊಳೆದ ನೆಲದ ಮೇಲೆ ಅತ್ತೆ ಕಣ್ಣುಮುಚ್ಚಿ ಕುಳಿತಿದ್ದಳು, ಎಡಗೈಯಲ್ಲಿ ಲಿಂಗ. ಸಾಹೇಬರು ಚಪ್ಪಲಿ ಕಳಚಿ, ಪಾನಾ ಬೆನ್ನ ಹಿಂದೆ ಮರೆಮಾಡಿ ಹೊರಗೇ ನಿಂತರು. ಪೂಜೆ ಮುಗಿಸಿ ಅವಳು ತಂಬಿಗೆ ಎತ್ತಿ ಗಟಗಟ ನೀರು ಕುಡಿದಾಗ ನನಗೆ ಹೋದ ಜೀವ ಬಂದಂತಾಯಿತು.

"ಯಾವ ನಳ ಒಡದೈತ್ರಿ ಅಮ್ಮಾ?" ಎಂದು ಸಾಹೇಬರು ಕೇಳಿದರು.

ಅತ್ತೆ ನನ್ನ ಮುಖ ನೋಡಿದಳು. "ನಳ ಒಡದಿಲ್ರಿ. ನಾನ ನೆಲಾ ತೊಳದೇನಿ. ಇವಂಗ ಹೇಳಾಕ ನಾಚಿಕಿ ಬಂದಿರಬೇಕು."

ತಮ್ಮ ತಾಯಿಯೂ ಹೀಗೇ, ನೆಲ ಒರೆಸದೆ ನಮಾಜಿಗೆ ಕೂಡುವವಳಲ್ಲ ಎಂದರು ಸಾಹೇಬರು. ಪಾನಾ ಇಟ್ಟು ಅರಿವೆ ತಂದು ನನ್ನ ಕೈಗೆ ಕೊಟ್ಟರು. ಇಪ್ಪತ್ತೆರಡು ಮೆಟ್ಟಿಲು. ನಾನು ಒರೆಸಿ ಮುಗಿಸುವಷ್ಟರಲ್ಲಿ ಅವರಿಬ್ಬರೂ ಅತ್ತೆಯ ಬುತ್ತಿಯ ಕಡಕ್ ರೊಟ್ಟಿ, ಶೇಂಗಾ ಹಿಂಡಿಯ ಚಟ್ನಿ ತಿನ್ನುತ್ತ ಜೇವರ್ಗಿಯ ಸುದ್ದಿ ಹೇಳಿಕೊಳ್ಳುತ್ತಿದ್ದರು.

ಈಗ ಅತ್ತೆ ಇಲ್ಲ. ನಾನು ಲಿಂಗ ಕಟ್ಟುವುದನ್ನು ಬಿಟ್ಟೂ ಬಹಳ ವರ್ಷವಾಯಿತು. ಪುಣೆಯ ಆ ಕೋಣೆಯಲ್ಲಿ ನೀರು ಕುಡಿಯುವ ಮುನ್ನ ಕರವಸ್ತ್ರ ತೋಯಿಸಿ, ಒಬ್ಬರು ಕೂಡುವಷ್ಟು ನೆಲ ಒರೆಸಿದೆ. ಚಹಾ ತಂದ ಹೆಂಗಸು ಒದ್ದೆ ನೋಡಿ, ನಳ ಸೋರುತ್ತಿದೆಯೇ ಎಂದು ಕೇಳಿದಳು.

ಇಲ್ಲಮ್ಮ, ನಾನೇ ಒರೆಸಿದೆ, ನಮ್ಮ ಅತ್ತೆಯ ಪದ್ಧತಿ ಎಂದೆ.