ಒಂದೂವರೆ ಇಂಚು ಎತ್ತರ

ಊರಿನವರ ಬಾಯಲ್ಲಿ ಅವನು ಏಣಿ ಮೆಕ್ಯಾನಿಕ್. ಆರಡಿ ಮೂರಿಂಚಿನ ಆಳಿಗೆ ಬೇರೆ ಹೆಸರಾದರೂ ಯಾಕೆ? ಬೈಕಿನ ಮುಂದಿನ ಚಕ್ರ ಹಿಡಿದಿರುವ ಫೋರ್ಕು ಎತ್ತರಿಸುವುದರಲ್ಲಿ ಅವನದು ಪಳಗಿದ ಕೈ. ಫೋರ್ಕು ಬಿಚ್ಚಿ, ಒಳಗಿನ ಸ್ಪ್ರಿಂಗಿನ ಮೇಲೆ ಅಳತೆಗೆ ಕತ್ತರಿಸಿದ ಪೈಪಿನ ತುಂಡು ಕೂರಿಸಿ, ಹೊಸ ಆಯಿಲ್ ಹಾಕಿ ಮುಚ್ಚಿದನೆಂದರೆ ಗಾಡಿ ಎದೆ ಸೆಟೆಸಿ ನಿಲ್ಲುತ್ತಿತ್ತು. ತಾನೇ ಒಂದು ಸುತ್ತು ಓಡಿಸಿ ನೋಡದೆ ಯಾವ ಗಾಡಿಯನ್ನೂ ಹೊರಗೆ ಬಿಟ್ಟವನಲ್ಲ. ಆ ವಿಷಯದಲ್ಲಿ ಸ್ವಲ್ಪ ಜಂಬವೂ ಇತ್ತೆನ್ನಿ.

ಅವನ ಹೆಂಡತಿ ಮನೆಮನೆಗೆ ಹೋಗಿ ನೋಡುವ ನರ್ಸು. ಕಲ್ಲು ಕ್ವಾರಿಯ ಮೇಲಿನ ಮನೆಗಳೆಲ್ಲ ಅವಳ ಪಾಲಿನವು. ಆ ಏರಿನಲ್ಲಿ ಬೈಕಿನ ಇಂಜಿನ್ನು ಕಲ್ಲಿಗೆ ಬಡಿಯುತ್ತಿತ್ತು. ಹಾಗಾಗಿ ಗಾಡಿಯನ್ನು ಕೆಳಗೇ ಬಿಟ್ಟು ಚೀಲ ಹೊತ್ತು ನಡೆಯುತ್ತಿದ್ದಳು. ಅರ್ಧದಷ್ಟು ಮನೆಗಳು ಮುಗಿಯುವಷ್ಟರಲ್ಲಿ ಹೊತ್ತು ಮೀರುತ್ತಿತ್ತು. ಈ ವಾರವೂ ಹೀಗೇ ಆದರೆ ಆ ಮನೆಗಳನ್ನು ಬೇರೆಯವರಿಗೆ ವಹಿಸುತ್ತೇನೆಂದು ದೊಡ್ಡ ಡಾಕ್ಟರು ಹೇಳಿಬಿಟ್ಟಿದ್ದರು. ಅಲ್ಲೊಂದು ಕೂಸಿತ್ತು, ತಿಂಗಳು ತುಂಬುವ ಮೊದಲೇ ಹುಟ್ಟಿದ್ದು. ವಾರವಾರ ಅದರ ತೂಕ ನೋಡುತ್ತಿದ್ದವಳು ಇವಳೇ. ಅದನ್ನು ಕಂಡರೆ ಅವಳಿಗೆ ಪ್ರಾಣ.

ಭಾನುವಾರ ಏಣಿ ಅವಳ ಬೈಕಿಗೆ ಕೈ ಹಾಕಿದ. ಮುಂದೆ ಒಂದೂವರೆ ಇಂಚು, ಹಿಂದೆಯೂ ಅದಕ್ಕೆ ತಕ್ಕಷ್ಟು. ಸೈಡ್ ಸ್ಟ್ಯಾಂಡು ಗಿಡ್ಡವಾಯಿತೆಂದು ಅದಕ್ಕೂ ಒಂದು ತುಂಡು ವೆಲ್ಡ್ ಮಾಡಿದ. ಎಂದಿನಂತೆ ಓಡಿಸಿ ನೋಡಿ, ಮೀಸೆಯಲ್ಲೇ ನಗುತ್ತ ಹೆಂಡತಿಯನ್ನು ಕರೆದ.

ಅವಳು ಹತ್ತಿ ಕೂತಳು. ಎರಡು ಕಾಲೂ ಗಾಳಿಯಲ್ಲಿ ನೇತಾಡಿದವು. ಗಾಡಿ ವಾಲಿತು, ಅವನು ಹಾರಿ ಹಿಡಿದುಕೊಂಡ.

"ಇದನ್ನ ಯಾರಿಗೆ ಮಾಡಿದ್ರಿ?"

"ನಿನಗೇ ಕಣೆ."

"ಹಾಗಾದ್ರೆ ನನ್ನ ಕಾಲನ್ನೂ ಒಂದೂವರೆ ಇಂಚು ಎಳೆದು ಕೊಡಿ."

ಅವಳು ಅವನ ಎದೆಮಟ್ಟ. ಹದಿನಾಲ್ಕು ವರ್ಷ ಸಂಸಾರ ಮಾಡಿದ ಮಹಾಶಯ ಅಳೆದದ್ದು ತನ್ನ ಕಾಲನ್ನು! ಏಣಿಗೆ ನಿಜಕ್ಕೂ ನಾಚಿಕೆಯಾಯಿತು.

"ಮತ್ತೆ ಇಳಿಸಿಬಿಡ್ಲಾ?"

"ಇಳಿಸಿದ್ರೆ ಕಲ್ಲು ತಾಗುತ್ತಲ್ಲ," ಎಂದಳು. ಅವಳ ದನಿಯಲ್ಲಿ ಈಗ ತಮಾಷೆ ಇರಲಿಲ್ಲ.

ಏಣಿ ತಲೆ ಕೆರೆದುಕೊಂಡು ಕೂತ. ಆಮೇಲೆ ಎದ್ದು ಅವಳನ್ನು ಮತ್ತೆ ಬೈಕಿನ ಮೇಲೆ ಕೂರಿಸಿ, ಸೀಟಿನ ಎರಡೂ ಬದಿಗೆ ಸೀಮೆಸುಣ್ಣದಿಂದ ಗೆರೆ ಎಳೆದ. ಕವರು ಬಿಚ್ಚಿ, ಒಳಗಿನ ಸ್ಪಂಜನ್ನು ಮುಂಭಾಗದಲ್ಲಿ ಕೊರೆದು ತೆಳ್ಳಗೆ ಮಾಡಿದ. ಕೂರಿಸಿದ, ಇಳಿಸಿದ, ಮತ್ತೆ ಕೊರೆದ. ಮೂರನೆಯ ಸಲ ಅವಳ ಎರಡೂ ಮುಂಗಾಲು ನೆಲ ಮುಟ್ಟಿದವು. ಈ ಸಲ ಅವನು ಗಾಡಿ ಮುಟ್ಟಲಿಲ್ಲ. ಓಡಿಸಿ ನೋಡಿದವಳು ಅವಳೇ.

ಸೋಮವಾರ ಅವನಿಗೆ ಯಾವ ಕೆಲಸವೂ ಕೈಗೆ ಹತ್ತಲಿಲ್ಲ. ಸಂಜೆ ಅವಳು ಬಂದು ಅಂಗಡಿಯ ಮುಂದೆ ಗಾಡಿ ನಿಲ್ಲಿಸಿ, ಹೆಲ್ಮೆಟ್ ತೆಗೆದಳು. ಮೈಯೆಲ್ಲ ಕಲ್ಲಿನ ಧೂಳು.

"ಎಲ್ಲಾ ಮನೆ ಮುಗಿಸಿ ಬಂದೆ," ಎಂದಳು.

"ಏರಿನಲ್ಲಿ ಎಲ್ಲಾದ್ರೂ ಕಾಲು ಊರಬೇಕಾಯ್ತಾ?"

"ಇಲ್ಲ. ಕೂಸಿನ ಮನೆ ಬಾಗಿಲಲ್ಲೇ ಊರಿದ್ದು. ಇನ್ನೂರು ಗ್ರಾಂ ಹೆಚ್ಚಾಗಿದೆ."