ವಾಂತಿ ಮುಚ್ಚಿಟ್ಟ ವಾರ

ನಾನು ಒಂಬತ್ತನೇ ತರಗತಿಯಲ್ಲಿದ್ದಾಗ ಬನಹಟ್ಟಿಯ ನಮ್ಮ ಶಾಲೆಯಲ್ಲಿ ಹುಡುಗಿಯರ ಫುಟ್‌ಬಾಲ್ ತಂಡ ಕಟ್ಟಿದರು. ಅಪ್ಪ ಮಗ್ಗ ನಡೆಸುತ್ತಿದ್ದ, ಅವ್ವ ಅದಕ್ಕೆ ನೂಲಿನ ಕಂಡಿಕೆ ಸುತ್ತುತ್ತಿದ್ದಳು. ಓಣಿಯವರು ಮೂಗು ಮುರಿದರೂ ಮೊಣಕಾಲು ಮುಚ್ಚುವಂಥ ಚಡ್ಡಿ ಹೊಲಿಸಿಕೊಟ್ಟು ನನ್ನನ್ನು ಆಟಕ್ಕೆ ಕಳಿಸಿದವಳು ಅವ್ವನೇ.

ಮುಧೋಳದಲ್ಲಿ ಪಂದ್ಯವಿತ್ತು. ಕಾರ್ನರ್‌ನಿಂದ ಬಂದ ಚೆಂಡಿಗೆ ನಾನೂ ಎದುರು ತಂಡದ ಹುಡುಗಿಯೂ ಒಟ್ಟಿಗೇ ಹಾರಿದೆವು. ತಲೆಗೆ ತಲೆ ಬಡಿಯಿತು. ಕಣ್ಣು ತೆರೆದಾಗ ಸುತ್ತಲೂ ಗಂಡಸರ ಕಾಲುಗಳು. ಯಾರೂ ಬಗ್ಗಿ ಮುಟ್ಟಲಿಲ್ಲ. ವಯಸ್ಸಿಗೆ ಬಂದ ಹುಡುಗಿ ಅಲ್ಲವೇ. ನಮ್ಮ ಪಿ.ಟಿ. ಮಾಸ್ತರರು ದೂರವೇ ನಿಂತು, "ಏಳವಾ, ಆಡಾಕ ಆಗತೈತೇನ?" ಎಂದರು. ನನ್ನ ಅಂಗಿ ಮೇಲೆ ಸರಿದಿತ್ತು. ತಲೆ ಮುಟ್ಟಿಕೊಳ್ಳುವ ಮೊದಲು ಅಂಗಿಯನ್ನು ಕೆಳಗೆಳೆದುಕೊಂಡೆ. ಎದ್ದು ಕೊನೆಯವರೆಗೂ ಆಡಿದೆನಂತೆ. ಗೆದ್ದೆವೋ ಸೋತೆವೋ ಇವತ್ತಿಗೂ ನೆನಪಿಲ್ಲ.

ಮರುದಿನ ಮುಂಜಾನೆ ರೊಟ್ಟಿಯ ವಾಸನೆಗೇ ವಾಂತಿ ಬಂತು. ಬಚ್ಚಲಿಗೆ ಓಡಿದೆ. ಗೋಡೆಯಾಚೆಯಿಂದ ಪಕ್ಕದ ಮನೆಯಾಕೆ ಅವ್ವನಿಗೆ, "ಯಾಕಬೇ, ನಿನ್ನ ಮಗಳು ಮುಂಜಾನೆದ್ದು ವಾಂತಿ ಮಾಡ್ಕೊಳ್ಳಾಕತ್ತಾಳ?" ಎಂದಳು. ಆ ದನಿ ನನಗೆ ಅರ್ಥವಾಯಿತು. ಏನೂ ಮಾಡದಿದ್ದರೂ ಕಿವಿ ಬಿಸಿಯಾದವು. ಆಮೇಲೆ ಓಣಿಯ ಮಗ್ಗಗಳು ಶುರುವಾಗುವವರೆಗೆ ತಡೆದುಕೊಂಡು, ಆ ಗದ್ದಲದಲ್ಲಿ ಕಾರಿಕೊಳ್ಳತೊಡಗಿದೆ. ತಲೆ ಸಿಡಿಯುತ್ತಿತ್ತು. ಯಾರಿಗೂ ಹೇಳಲಿಲ್ಲ.

ಒಂದು ಮಧ್ಯಾಹ್ನ ಅವ್ವ ಕದ ಮುಂದೆ ಮಾಡಿ, ನನ್ನ ಮುಖ ನೋಡದೆ ಕೇಳಿದಳು: "ಈ ತಿಂಗಳ ಮುಟ್ಟ ತಡಾ ಆಗೇತೇನ?"

ನೆಲ ಬಾಯಿ ಬಿಡಬಾರದೇ ಅನ್ನಿಸಿತು. "ತಲಿಗೆ ಬಡದೈತಿ ಅವ್ವಾ!" ಎಂದು ಅತ್ತುಬಿಟ್ಟೆ.

ಅಂದೇ ಬಸ್ ಹಿಡಿದು ಜಮಖಂಡಿಯ ಡಾಕ್ಟರಮ್ಮನ ಹತ್ತಿರ ಹೋದೆವು. ಕಣ್ಣಿಗೆ ಬೆಳಕು ಹಾಯಿಸಿ ನೋಡಿದ ಆಕೆ, "ಇಷ್ಟ ಬಡದ ಮ್ಯಾಲೂ ಆಡಿಸಿದ್ರಾ? ಯಾರೂ ಹೊರಗ ಕರೀಲಿಲ್ಲೇನ?" ಎಂದು ಬೈದರು. ತಲೆನೋವು ಪೂರಾ ಹೋಗುವವರೆಗೆ ಓಡುವಂತಿಲ್ಲ ಎಂದರು. ಅವ್ವ ತಲೆ ಎತ್ತಲಿಲ್ಲ. ಬರುವಾಗ ಬಸ್ಸಿನಲ್ಲಿ ನನ್ನ ಕೈ ಹಿಡಿದು, "ನಾನೂ ಮಂದಿ ಹಂಗ ಯೋಚನಿ ಮಾಡಿದ್ನಲ್ಲ" ಎಂದಳು.

ಆಟ ಬಿಡಿಸುತ್ತಾಳೆಂದುಕೊಂಡಿದ್ದೆ. ಆಕೆ ಶಾಲೆಗೇ ಬಂದಳು. "ಆಟ ಬಿಡಸಂಗಿಲ್ಲರಿ ಮಾಸ್ತರ. ಆದರ ಯಾರ ಮಗಳ ಬಿದ್ದರೂ ಹತ್ತರ ಹೋಗಿ ತಲಿ ನೋಡ್ರಿ. ನಾಚಿಕೊಂಡು ನಿಂತ್ರ ಜೀವ ಹೋಗತೈತಿ." ಮಾಸ್ತರರ ಮುಖ ಕೆಂಪಾಯಿತು. "ಖರೆ ಐತ್ರಿ" ಎಂದಷ್ಟೇ ಹೇಳಿದರು.

ಮುಂದಿನ ವರ್ಷ ಮತ್ತೆ ಆಡಿದೆ. ಬೀಳಗಿಯ ಪಂದ್ಯದಲ್ಲಿ ಎಡವಿ ಬಿದ್ದಾಗ ಮಾಸ್ತರರು ಓಡಿ ಬಂದು, ಮಣ್ಣಲ್ಲಿ ಮೊಣಕಾಲೂರಿ ನನ್ನ ತಲೆ ಹಿಡಿದು ನೋಡಿದರು. ಸುತ್ತ ಮಂದಿ ನೋಡುತ್ತಿದ್ದರೆಂದು ನನಗೇ ನಾಚಿಕೆಯಾಗಿ ಅವರ ಕೈ ಸರಿಸಿದೆ. ಅವರು ಬಿಡಲಿಲ್ಲ. ಆಟದಿಂದ ಹೊರಗೆ ಕೂರಿಸಿದರು.