ಯಾರೂ ಮುಟ್ಟದ ಗೊಂಬೆ

ಕೋವಿಡ್ ಗಲಾಟೆ ತಣ್ಣಗಾಗಿ ಎರಡು ವರ್ಷವಾಗಿತ್ತು. ನಾನಾಗ ಸೊರಬದ ಒಂದು ಆಂಬುಲೆನ್ಸ್‌ನಲ್ಲಿ ಹಿರಿಯ ಇಎಂಟಿ, ಅಂದರೆ ತುರ್ತು ವೈದ್ಯಕೀಯ ತಂತ್ರಜ್ಞೆ. ಹಳ್ಳಿಯವರ ಬಾಯಲ್ಲಿ ನಾವು ಗಾಡಿ ನರ್ಸಮ್ಮಂದಿರು. ರೋಗಿಯನ್ನು ಮನೆಯಿಂದಲೋ ರಸ್ತೆಯಿಂದಲೋ ಎತ್ತಿಕೊಂಡು ಆಸ್ಪತ್ರೆಯ ಬಾಗಿಲು ಮುಟ್ಟಿಸುವವರೆಗೆ ಜೀವ ಹಿಡಿದಿಡುವುದು ನಮ್ಮ ಕೆಲಸ. ಅದರ ಜೊತೆಗೆ, ಶಿಕಾರಿಪುರದ ಒಂದು ಖಾಸಗಿ ತರಬೇತಿ ಕೇಂದ್ರದ ವಿದ್ಯಾರ್ಥಿಗಳನ್ನು ಗಾಡಿಯಲ್ಲಿ ಕೂರಿಸಿಕೊಂಡು ಕೆಲಸ ಕಲಿಸುವ ಹೊಣೆಯೂ ನನ್ನ ಮೇಲಿತ್ತು. ಆ ಕೇಂದ್ರದ ಹೆಸರು ಬರೆಯುವುದಿಲ್ಲ. ಬರೆಯಬೇಕೆಂಬ ಸಿಟ್ಟು ಇವತ್ತಿಗೂ ಇದೆ. ಆದರೆ ಅಲ್ಲಿ ಓದಿದವರು ಈಗ ನಾನಾ ಕಡೆ ದುಡಿಯುತ್ತಿದ್ದಾರೆ, ಅವರ ಅನ್ನಕ್ಕೆ ಕಲ್ಲು ಹಾಕಲು ನನಗೆ ಮನಸ್ಸಿಲ್ಲ.

ಆ ಸಲದ ಭತ್ತದ ಕೊಯ್ಲಿನ ಹೊತ್ತಿಗೆ ನನ್ನ ಬಳಿ ಬಂದವಳು ಕಾವ್ಯ. ಈಸೂರಿನ ಸೊಸೆ. ಮಗುವನ್ನು ಅತ್ತೆಯ ಹತ್ತಿರ ಬಿಟ್ಟು ಎರಡು ಬಸ್ಸು ಹತ್ತಿ ಬರುತ್ತಿದ್ದಳು. ಬಾಯಿಪಾಠ ಚೆನ್ನಾಗಿತ್ತು, ಏನು ಕೇಳಿದರೂ ಪುಸ್ತಕದಲ್ಲಿದ್ದ ಹಾಗೆಯೇ ಹೇಳುತ್ತಿದ್ದಳು. ಫೀಲ್ಡಿಗೆ ಬರುವ ಮುಂಚೆ ಉಸಿರು ಕೊಡುವುದು, ಎದೆ ಒತ್ತುವುದು, ಗಂಟಲು ಸ್ವಚ್ಛ ಮಾಡುವುದು, ಇವನ್ನೆಲ್ಲ ಮ್ಯಾನಿಕಿನ್ ಎಂಬ ಗೊಂಬೆಯ ಮೇಲೆ ಮಾಡಿ ಕೈ ಪಳಗಿಸಿಕೊಂಡಿರಬೇಕೆಂಬುದು ನಿಯಮ. ಅವಳೂ ಎಲ್ಲ ಮಾಡಿದ್ದಾಳೆಂದು ಕೇಂದ್ರದವರು ಬರೆದುಕೊಟ್ಟಿದ್ದರು.

ಒಂದು ಬೆಳಿಗ್ಗೆ ಕುಪ್ಪಗಡ್ಡೆಯಿಂದ ಕರೆ ಬಂತು. ಗೌರಮ್ಮ ಎಂಬ ನಲವತ್ತರ ಆಸುಪಾಸಿನ ಹೆಂಗಸು. ಹಿಂದಿನ ದಿನವೆಲ್ಲ ಗದ್ದೆಯಲ್ಲಿ ದುಡಿದು, ಮನೆಯ ನೆಲದ ಮೇಲೆ ಚಾಪೆ ಹಾಸಿ ಮಲಗಿದ್ದರು. ಬೆಳಗಾಗುವಾಗ ಹೊಟ್ಟೆನೋವು. ಗ್ಯಾಸ್ ಇರಬೇಕೆಂದು ಮನೆಯವರು ಸೋಡಾ ಕುಡಿಸಿದ್ದರು. ನಾವು ಹೋಗುವಷ್ಟರಲ್ಲಿ ರೆಪ್ಪೆಗಳು ಜೋತುಬಿದ್ದಿದ್ದವು, ಮಾತು ತೊದಲುತ್ತಿತ್ತು, ಬಾಯಿಂದ ಜೊಲ್ಲು ಇಳಿಯುತ್ತಿತ್ತು. ನೋಡಿದ ಕೂಡಲೇ ನನಗೆ ಕಟ್ಟುಹಾವಿನ ಅನುಮಾನ ಬಂತು. ಆ ಹಾವು ಕಚ್ಚಿದರೆ ಊತವಿರುವುದಿಲ್ಲ, ನೋವೂ ಅಷ್ಟಾಗಿ ಗೊತ್ತಾಗುವುದಿಲ್ಲ. ನಿದ್ದೆಯಲ್ಲಿದ್ದವರಿಗೆ ಎಚ್ಚರವೇ ಆಗದೆ ಹೋಗಬಹುದು. ಅದರ ವಿಷ ಮೈಯ ಸ್ನಾಯುಗಳನ್ನು ಒಂದೊಂದಾಗಿ ನಿಲ್ಲಿಸುತ್ತ ಬಂದು ಕೊನೆಗೆ ಉಸಿರಾಟದ ಸ್ನಾಯುಗಳಿಗೆ ತಾಗುತ್ತದೆ.

ಸೊರಬದ ಆಸ್ಪತ್ರೆಯ ವೈದ್ಯರು ನನ್ನ ಅನುಮಾನ ಒಪ್ಪಿ ತಡಮಾಡದೆ ಪ್ರತಿವಿಷ ಕೊಟ್ಟರು. ಉಸಿರು ನಿಂತರೆ ವೆಂಟಿಲೇಟರ್ ಬೇಕಾಗುತ್ತದೆ, ಶಿವಮೊಗ್ಗಕ್ಕೆ ಹೊರಡಿ ಎಂದರು. ಹೊರಟೆವು. ಹಿಂದೆ ನಾನು, ಕಾವ್ಯ ಮತ್ತು ಗೌರಮ್ಮನ ಗಂಡ ಹಾಲಪ್ಪ. ಮುಂದೆ ಚಾಲಕ ರಾಜಣ್ಣ.

ಶಿರಾಳಕೊಪ್ಪ ದಾಟಿದ ಮೇಲೆ ಗೌರಮ್ಮನ ಎದೆ ಏಳುವುದು ನಿಂತಿತು.

ಇಂಥ ಹೊತ್ತಿಗೆಂದೇ ಆಂಬು ಬ್ಯಾಗ್ ಇರುತ್ತದೆ. ಮೂಗು ಬಾಯಿ ಎರಡನ್ನೂ ಮುಚ್ಚುವ ಮಾಸ್ಕ್, ಅದಕ್ಕೆ ಅಂಟಿದ ರಬ್ಬರಿನ ಚೀಲ. ಚೀಲ ಒತ್ತಿದರೆ ರೋಗಿಯ ಶ್ವಾಸಕೋಶಕ್ಕೆ ಗಾಳಿ ಹೋಗುತ್ತದೆ. ಹೇಳಲು ಸುಲಭ. ತಲೆ ಹಿಂದಕ್ಕೆ ಬಾಗಿರಬೇಕು, ದವಡೆ ಮೇಲೆ ಎತ್ತಿರಬೇಕು, ಮಾಸ್ಕಿನ ಅಂಚಿನಲ್ಲಿ ಗಾಳಿ ಸೋರಬಾರದು. ಅಲುಗಾಡುವ ಗಾಡಿಯಲ್ಲಿ ಇದು ಒಬ್ಬರ ಕೆಲಸವಲ್ಲ. ನಾನು ಎರಡೂ ಕೈಯಲ್ಲಿ ದವಡೆ ಎತ್ತಿ ಮಾಸ್ಕ್ ಹಿಡಿದೆ. "ಬ್ಯಾಗ್ ಒತ್ತು" ಎಂದೆ ಕಾವ್ಯಳಿಗೆ.

ಅವಳು ಚೀಲವನ್ನು ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿದಳು. ಎಲ್ಲಿ ಹಿಡಿಯಬೇಕೆಂದೇ ಅವಳಿಗೆ ಗೊತ್ತಿರಲಿಲ್ಲ.

"ಗೊಂಬೆ ಮೇಲೆ ಮಾಡಿದೀಯಲ್ಲೇ?"

"ಇಲ್ಲ ಮೇಡಂ. ಅದನ್ನ ಮುಟ್ಟಾಕೆ ಬಿಡಲಿಲ್ರಿ. ನಿಂತ್ಕಂಡು ನೋಡಿದ್ದು ಅಷ್ಟೇ." ಅಷ್ಟು ಹೇಳುವಷ್ಟರಲ್ಲಿ ಅವಳು ಅಳಲು ಶುರುಮಾಡಿದ್ದಳು.

ನನಗೆ ಬಂದ ಕೋಪ ಅವಳ ಮೇಲಲ್ಲ. ಆದರೆ ಎದುರಿಗಿದ್ದವಳು ಅವಳೇ. "ಅಳೋದು ಆಮೇಲೆ ಇಟ್ಕೋ. ಈಗ ಒತ್ತು. ಬ್ಯಾಗ್ ನೋಡ್ಬೇಡ, ಎದೆ ನೋಡು. ಎದೆ ಎದ್ದ ಕೂಡಲೇ ಬಿಡು" ಎಂದು ಗದರಿದೆ. ಗಾಬರಿಯಲ್ಲಿ ಅವಳು ಬಡಬಡ ಒತ್ತತೊಡಗಿದಳು. ಹಾಗೆ ಒತ್ತಿದರೆ ಗಾಳಿ ಹೊಟ್ಟೆಗೆ ಹೋಗಿ ವಾಂತಿಯಾಗುತ್ತದೆ, ಆ ವಾಂತಿ ಶ್ವಾಸಕೋಶಕ್ಕೆ ಇಳಿದರೆ ಅಲ್ಲಿಗೆ ಮುಗಿಯಿತು. "ನೀನು ಹೆಂಗೆ ಉಸಿರಾಡ್ತೀಯಾ? ನಾಯಿ ತೇಕಿದಂಗಾ? ನಿಧಾನ" ಎಂದು ಇನ್ನೂ ಜೋರಾಗಿ ಕೂಗಿದೆ.

ಹಾಲಪ್ಪ ಹೆಂಡತಿಯ ಕಾಲು ಹಿಡಿದು ಕೂತಿದ್ದರು. ಮುಟ್ಟಿದರೂ ಮಿಸುಕದ ಆ ಕಾಲು ನೋಡಿ ಅವರ ಧೈರ್ಯ ಕುಸಿಯಿತು. "ಹೋದ್ಲು ಕಣ್ರೀ. ಸುಮ್ನೆ ಯಾಕೆ ಹಿಂಸೆ ಮಾಡ್ತೀರಿ. ಗಾಡಿ ತಿರುಗ್ಸಿ, ಊರಿಗೆ ಹೋಗಣ" ಎಂದರು.

"ಹೋಗಿಲ್ಲ. ನಾಡಿ ನನ್ನ ಬೆರಳಡಿ ಹೊಡ್ಕೊಳ್ತಾ ಇದೆ. ಈ ಗಾಡಿ ತಿರುಗಲ್ಲ, ನೀವು ಬಾಯಿ ಮುಚ್ಕೊಂಡು ಕೂತ್ಕೊಳ್ರಿ" ಎಂದೆ. ಸಂಕಟದಲ್ಲಿರುವ ಗಂಡನಿಗೆ ಆಡುವ ಮಾತಲ್ಲ ಅದು. ಆದರೆ ಮೆತ್ತಗೆ ಹೇಳಿದ್ದರೆ ಅವರು ರಾಜಣ್ಣನ ಹೆಗಲು ಹಿಡಿದು ಎಳೆಯುತ್ತಿದ್ದರು.

ಕಾವ್ಯಳ ಕೈಗೆ ನಿಧಾನವಾಗಿ ಲಯ ಸಿಕ್ಕಿತು. ಒತ್ತಿದಾಗ ಗೌರಮ್ಮನ ಎದೆ ಏಳುತ್ತಿತ್ತು, ಬಿಟ್ಟಾಗ ಇಳಿಯುತ್ತಿತ್ತು. ನೀಲಿಗಟ್ಟಿದ್ದ ತುಟಿಗೆ ಮತ್ತೆ ಬಣ್ಣ ಬಂತು. ರಾಜಣ್ಣ ಫೋನಿನಲ್ಲಿ ಮುಂಚೆಯೇ ತಿಳಿಸಿದ್ದರಿಂದ ಶಿಕಾರಿಪುರದ ಆಸ್ಪತ್ರೆಯಲ್ಲಿ ಅರಿವಳಿಕೆ ವೈದ್ಯರು ಕಾದಿದ್ದರು. ಗಂಟಲಿಗೆ ಉಸಿರಿನ ನಳಿಗೆ ಹಾಕಿಕೊಟ್ಟರು. ಅಲ್ಲಿಂದ ಶಿವಮೊಗ್ಗದವರೆಗೂ ಚೀಲ ಒತ್ತಿದವಳು ಕಾವ್ಯಳೇ. ನಾನು ಕೈ ಬದಲಿಸುತ್ತೇನೆಂದರೂ ಕೊಡಲಿಲ್ಲ. ಶಿವಮೊಗ್ಗದಲ್ಲಿ ಗೌರಮ್ಮನನ್ನು ವೆಂಟಿಲೇಟರಿಗೆ ಒಪ್ಪಿಸಿದ ಮೇಲೆ, ಚೀಲ ಹಿಡಿದೇ ಇದ್ದ ಅವಳ ಬೆರಳುಗಳನ್ನು ನಾನೇ ಬಿಡಿಸಬೇಕಾಯಿತು.

ಮಾರನೆಯ ದಿನ ನಾನು ತರಬೇತಿ ಕೇಂದ್ರಕ್ಕೆ ಹೋದೆ. ಪ್ರಾಂಶುಪಾಲರ ಕೋಣೆಯ ಗಾಜಿನ ಬೀರುವಿನಲ್ಲಿ ಆ ಗೊಂಬೆ ಮಲಗಿತ್ತು. ತಂದ ದಿನದ ಪ್ಲಾಸ್ಟಿಕ್ ಹೊದಿಕೆಯನ್ನೂ ಬಿಚ್ಚಿರಲಿಲ್ಲ. ಆಯುಧಪೂಜೆಗೆ ಇಟ್ಟ ಕುಂಕುಮ ಆ ಹೊದಿಕೆಯ ಮೇಲೆ ಹಾಗೇ ಇತ್ತು.

ನಡೆದದ್ದನ್ನು ಹೇಳಿದೆ. ಅವರು ಚಹಾ ತರಿಸಿದರು. "ನೋಡ್ರಿ ಮೇಡಂ, ಇದು ಇನ್ಸ್‌ಪೆಕ್ಷನ್‌ಗೆ ತೋರಿಸ್ಬೇಕಾದ ಐಟಂ. ಹುಡುಗ್ರು ಕೈಗೆ ಕೊಟ್ರೆ ಹಾಳು ಮಾಡ್ತಾವ್ರಿ" ಎಂದರು.

"ಹಾಳಾಗ್ಲಿ ಅಂತಾನೇ ಅದನ್ನ ಮಾಡಿರೋದು ರೀ. ಅದು ಹಾಳಾಗ್ದೇ ಉಳಿದ್ರೆ ಮನುಷ್ಯರು ಹಾಳಾಗ್ತಾರೆ."

"ಪೇಷಂಟ್ ಉಳ್ಕಂಡಾರಲ್ರೀ, ಮತ್ಯಾಕೆ ಇಷ್ಟು ಸಿಟ್ಟು?"

ಚಹಾ ಮುಟ್ಟದೆ ಎದ್ದೆ. ಗೊಂಬೆಯ ಮೇಲೆ ನನ್ನ ಕಣ್ಣೆದುರು ಕೆಲಸ ಮಾಡಿ ತೋರಿಸದ ಯಾರನ್ನೂ ಗಾಡಿ ಹತ್ತಿಸುವುದಿಲ್ಲ ಎಂದು ಹೇಳಿ ಬಂದೆ. ಅವರು ನನ್ನ ಮೇಲಧಿಕಾರಿಗೆ ದೂರು ಕೊಟ್ಟರು. ಅಧಿಕಾರಿ ನನ್ನನ್ನು ಕರೆಸಿ, "ನಿಮಗ್ಯಾಕಮ್ಮ ಊರ ಉಸಾಬರಿ, ಹೊಂದಿಕೊಂಡು ಹೋಗಿ" ಎಂದರು. ಹಾಗಿದ್ದರೆ ಮುಂದಿನ ಸಲ ಇಂಥ ರೋಗಿ ಬಂದಾಗ ಗಾಡಿಯಲ್ಲಿ ನನ್ನ ಜೊತೆ ನೀವು ಬಂದು ಕೂತು ಚೀಲ ಒತ್ತಿ ಎಂದೆ. ನನ್ನನ್ನು ತರಬೇತಿಯ ಹೊಣೆಯಿಂದ ತೆಗೆಯುತ್ತಾರೆಂಬ ಸುದ್ದಿ ಹಬ್ಬಿತು.

ಅದನ್ನು ತಡೆದವಳು ಕಾವ್ಯ. ಬಾಯಿ ಬಿಟ್ಟರೆ ಫೇಲ್ ಮಾಡುತ್ತಾರೆಂದು ಇಷ್ಟು ದಿನ ಹೆದರಿದ್ದವಳು, ತನ್ನ ತರಗತಿಯವರನ್ನೆಲ್ಲ ಕರೆದುಕೊಂಡು ಪ್ರಾಂಶುಪಾಲರ ಕೋಣೆಯ ಮುಂದೆ ಕೂತಳು. ಗೊಂಬೆ ಹೊರಗೆ ಬರುವವರೆಗೆ ಏಳುವುದಿಲ್ಲ ಎಂದಳು. ಪೋಷಕರಿಗೂ ವಿಷಯ ಮುಟ್ಟಿ, ಊರಿನಿಂದ ಜನ ಬರತೊಡಗಿದ ಮೇಲೆ ಬೀರುವಿನ ಬೀಗ ತೆರೆಯಿತು, ನನ್ನ ಮೇಲಿನ ದೂರೂ ಅಲ್ಲಿಗೇ ಬಿದ್ದುಹೋಯಿತು. ವಾರಕ್ಕೆ ಎರಡು ಮಧ್ಯಾಹ್ನ ನಾನೇ ಹೋಗಿ ಹೇಳಿಕೊಟ್ಟೆ. ಆ ಶೈಕ್ಷಣಿಕ ವರ್ಷ ಮುಗಿಯುವುದರೊಳಗೆ ಗೊಂಬೆಯ ಎದೆಯ ಸ್ಪ್ರಿಂಗ್ ಮುರಿಯಿತು. ಅಷ್ಟು ಸಂತೋಷ ಕೊಟ್ಟ ಇನ್ನೊಂದು ನಷ್ಟವನ್ನು ನಾನು ಕಂಡಿಲ್ಲ. ಕಾವ್ಯ ಈಗ ಆನವಟ್ಟಿ ಕಡೆಯ ಗಾಡಿಯಲ್ಲಿದ್ದಾಳೆ. ಆ ಪ್ರಾಂಶುಪಾಲರೂ ಇದ್ದಾರೆ, ಅದೇ ಕುರ್ಚಿಯಲ್ಲಿ. ಅವರಿಗೆ ಏನೂ ಆಗಲಿಲ್ಲ.

ಗೌರಮ್ಮ ಗುಣವಾಗಿ ಬಂದು ಕೆಲವು ವಾರಗಳಾದ ಮೇಲೆ, ಗಂಡನೊಡನೆ ಸೊರಬಕ್ಕೆ ನನ್ನನ್ನು ಹುಡುಕಿಕೊಂಡು ಬಂದರು. ಹಾಲಪ್ಪ ತಲೆ ತಗ್ಗಿಸಿ ನಿಂತಿದ್ದರು. ಗೌರಮ್ಮ ನನ್ನ ಕೈ ಹಿಡಿದುಕೊಂಡು ಹೇಳಿದರು:

"ನಂಗೆ ಎಲ್ಲಾ ಕೇಳ್ತಿತ್ತು ನರ್ಸಮ್ಮ. ಕಣ್ಣು ಬಿಡಕ್ಕಾಗ್ತಿರ್ಲಿಲ್ಲ, ಬೆರಳು ಅಲ್ಲಾಡ್ಸಕ್ಕಾಗ್ತಿರ್ಲಿಲ್ಲ. ಇವ್ರು ಗಾಡಿ ತಿರುಗ್ಸಿ ಅಂದಿದ್ದೂ ಕೇಳ್ತು. ಬದುಕಿದೀನಿ ಅಂತ ಕೂಗ್ಬೇಕು ಅನ್ನಿಸ್ತಿತ್ತು, ಬಾಯಿ ಬರ್ತಿರ್ಲಿಲ್ಲ. ಇವ್ರು ಅಳ್ತಿದ್ರು, ಆ ಹುಡುಗೀನೂ ಅಳ್ತಿತ್ತು. ನೀವೊಬ್ರೇ ಬೈತಿದ್ರಿ. ಬೈತಿದಾರೆ ಅಂದ್ರೆ ಇನ್ನೂ ಕೈ ಬಿಟ್ಟಿಲ್ಲ ಅಂತ ಗಟ್ಟಿ ಮನಸು ಮಾಡ್ಕಂಡೆ."

ಕಟ್ಟುಹಾವಿನ ವಿಷ ಸ್ನಾಯುಗಳನ್ನು ನಿಲ್ಲಿಸುತ್ತದೆ, ಅರಿವನ್ನಲ್ಲ ಎಂದು ನಾನು ಓದಿದ್ದೆ. ಆದರೆ ಅದರ ಅರ್ಥ ಏನೆಂದು ಅಂದು ತಿಳಿಯಿತು. ಆಮೇಲೆ ನಾನು ಕಲಿಸಿದ ಪ್ರತಿಯೊಬ್ಬರಿಗೂ ಇದನ್ನು ಹೇಳಿದ್ದೇನೆ: ಮಲಗಿರುವವರ ಕಿವಿಯ ಹತ್ತಿರ ಬಾಗಿ ನಿಮ್ಮ ಹೆಸರು ಹೇಳಿ, ಏನು ಮಾಡುತ್ತಿದ್ದೀರೆಂದು ಹೇಳಿ, ಅವರು ಸತ್ತಂತೆ ಕಂಡರೂ ಹೇಳಿ. ಸಿಟ್ಟು ಕಡಿಮೆ ಮಾಡಿಕೊಳ್ಳಿ ಎಂದು ನನಗೆ ಬುದ್ಧಿ ಹೇಳಿದವರು ಬಹಳ ಜನ. ಗೌರಮ್ಮ ಮಾತ್ರ ಹಾಗೆ ಹೇಳಲಿಲ್ಲ. ನಾನೂ ಕಡಿಮೆ ಮಾಡಿಕೊಂಡಿಲ್ಲ.